ಜಮೀನು ಕೊಳ್ಳುವ ಮುನ್ನ ಯಾರನ್ನು ಕೇಳಬೇಕು?

ಕೂಡಿಟ್ಟ ಹಣದಲ್ಲಿ, ಇಲ್ಲವೆ ಗೋವೆಯಲ್ಲಿ ದುಡಿಯುವ ಮಗ ಕಳಿಸಿದ ಹಣದಲ್ಲಿ ಮೊದಲ ಸಲ ಜಮೀನು ಕೊಳ್ಳಬೇಕೆನ್ನುವವರು ಮಿರ್ಜಾನದ ಸುತ್ತಲಿನ ಹಳ್ಳಿಗಳಲ್ಲಿದ್ದಾರೆ. ಬಿತ್ತನೆ ಕೆಟ್ಟರೆ ಒಂದು ವರ್ಷದ ನಷ್ಟ. ಜಮೀನಿನ ವ್ಯವಹಾರ ಕೆಟ್ಟರೆ ಹತ್ತು ವರ್ಷದ ಉಳಿತಾಯ ಹೋಗಿ, ಮೇಲೆ ಕೋರ್ಟಿನ ಖರ್ಚು. ಆದ್ದರಿಂದ ಸಲಹೆ ಕೇಳಬೇಕು. ಆದರೆ ಯಾರನ್ನು ಏನು ಕೇಳಬೇಕೆಂಬುದು ಮೊದಲು ತಿಳಿದಿರಬೇಕು.

ಜಾಗ ಎಲ್ಲಿದೆ, ದರ ಎಷ್ಟು ಎಂಬುದನ್ನು ದಲಾಲರು ಚೆನ್ನಾಗಿ ಬಲ್ಲರು. ಆದರೆ ವ್ಯವಹಾರ ಕುದುರಿದರೆ ಮಾತ್ರ ಅವರಿಗೆ ದಲಾಲಿ. ಹೀಗಾಗಿ ‘ಕೊಳ್ಳಬೇಡಿ’ ಎಂಬ ಮಾತು ಅವರಿಂದ ಬರುವುದು ಕಡಿಮೆ. ಮಾರಾಟದಿಂದ ಲಾಭವಿಲ್ಲದವರನ್ನೂ ಕೇಳಿರಿ.

ಅಘನಾಶಿನಿ ದಂಡೆಯಲ್ಲಿ 20 ಗುಂಟೆ ಗಜನಿ ಮಾರಾಟಕ್ಕಿದೆ ಎಂದು ಭಾವಿಸೋಣ.

1. ನೆರೆಗದ್ದೆಯವರು: ಒಡ್ಡು ಎಷ್ಟು ಸಲ ಒಡೆದಿದೆ? ಜಂತ್ರಡಿಯ ದುರಸ್ತಿ ಯಾರದು? ಕಗ್ಗ ಭತ್ತ ಬರುತ್ತದೆಯೇ? ದಾರಿ, ಗಡಿಗಳ ತಂಟೆ ಇದೆಯೇ? ಕಾಗದದಲ್ಲಿಲ್ಲದ ಈ ಸಂಗತಿಗಳು ಅವರಿಗೆ ಗೊತ್ತು.

2. ಗ್ರಾಮ ಆಡಳಿತಾಧಿಕಾರಿ: ಪಹಣಿ ತೆಗೆಸಿ ನೋಡಿರಿ. 9ನೇ ಕಾಲಮಿನಲ್ಲಿ ಮಾಲಕರ ಹೆಸರು, 11ರಲ್ಲಿ ಸಾಲದ ಬೋಜಾ ಮತ್ತು ಇತರ ಹಕ್ಕುಗಳಿರುತ್ತವೆ. ಮಾರುವವನ ಹೆಸರು 9ರಲ್ಲಿ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿರಿ.

3. ಭೂಮಾಪಕರು: ಒಂದು ಸರ್ವೇ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಗಡಿಯನ್ನು ಅಳೆಸಿ, ಕಣ್ಣಾರೆ ನೋಡಿರಿ.

4. ಉಪನೋಂದಣಿ ಕಚೇರಿ: ಕನಿಷ್ಠ 30 ವರ್ಷಗಳ ಋಣಭಾರ ಪ್ರಮಾಣಪತ್ರ ಪಡೆಯಿರಿ. ನೋಂದಾಯಿಸಿದ ಅಡವು, ಮಾರಾಟಗಳು ಅದರಲ್ಲಿ ಕಾಣುತ್ತವೆ. ನೋಂದಾಯಿಸದ ಕರಾರು, ಕೋರ್ಟಿನ ದಾವೆ ಕಾಣದೆಯೂ ಇರಬಹುದು.

5. ವಕೀಲರು: ಎಲ್ಲ ಕಾಗದಗಳನ್ನೂ ನಿಮ್ಮದೇ ವಕೀಲರಿಗೆ ತೋರಿಸಿರಿ, ಮಾರುವವನ ವಕೀಲರು ಸಾಲದು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಇದೆ. ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿದರೆ, ಮುಂದೆ ಅಕ್ಕತಂಗಿಯರು ದಾವೆ ಹೂಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ವರಮಾನದವರು ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ಸಲಹೆ ಪಡೆಯಬಹುದು.

ನಮ್ಮ ಕಡೆ ಇನ್ನೂ ಕೆಲವು ವಿಷಯಗಳಲ್ಲಿ ಎಚ್ಚರ ಬೇಕು. ಅರಣ್ಯ ಅತಿಕ್ರಮಣದ ಜಾಗಕ್ಕೆ ಬಾಂಡು ಬರೆದುಕೊಟ್ಟರೂ ಒಡೆತನ ಬರುವುದಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಂತೆ ಸಿಕ್ಕ ಭೂಮಿ ಮಕ್ಕಳಿಗೆ ಹೋಗುತ್ತದೆ, ಆದರೆ ಅದನ್ನು ಮಾರುವಂತಿಲ್ಲ. ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಭೂಮಿಯನ್ನು ಸರಕಾರದ ಅನುಮತಿಯಿಲ್ಲದೆ ಕೊಂಡರೆ, 1978ರ ಕಾಯಿದೆಯಂತೆ ಆ ವ್ಯವಹಾರ ರದ್ದಾಗುತ್ತದೆ. ಹೊಳೆದಂಡೆಯಲ್ಲಿ ಮನೆ ಕಟ್ಟುವ ಯೋಚನೆಯಿದ್ದರೆ ಕರಾವಳಿ ನಿಯಂತ್ರಣ ವಲಯದ ನಿಯಮಗಳನ್ನು ವಿಚಾರಿಸಿರಿ. ಕೇಂದ್ರ ರಕ್ಷಿತ ಸ್ಮಾರಕಗಳ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಕೋಟೆಯ ಹತ್ತಿರ ಜಾಗ ನೋಡುವವರು ಇದನ್ನು ಮರೆಯಬಾರದು.

2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ‘ಪೇಟೆಯವರು ಬಂದಿದ್ದಾರೆ, ಇಂದೇ ಮುಂಗಡ ಕೊಡಿ’ ಎಂದು ಅವಸರ ಮಾಡುವವರ ಮಾತಿಗೆ ಮರುಳಾಗಬೇಡಿರಿ. ಈ ಐದು ಕಡೆ ವಿಚಾರಿಸಲು ಕೆಲವು ವಾರ ಸಾಕು. ಅಷ್ಟು ದಿನ ಕಾಯಲೊಲ್ಲದ ಜಮೀನು ಕೈತಪ್ಪಿದರೂ ನಷ್ಟವಿಲ್ಲ. ಮುಂಗಡ ಕೊಡುವಾಗ ಬ್ಯಾಂಕಿನ ಮೂಲಕವೇ ಕೊಟ್ಟು, ಕರಾರು ಬರೆಸಿರಿ. ಖರೀದಿ ಪತ್ರ ನೋಂದಣಿಯಾದ ಮೇಲೆ ಪಹಣಿಯಲ್ಲಿ ನಿಮ್ಮ ಹೆಸರು ಬಂದಿದೆಯೇ ಎಂದು ನೋಡಿಕೊಳ್ಳಿರಿ.

ಈ ವಾರ ಒಂದು ಕೆಲಸ ಮಾಡಿರಿ. ನಿಮ್ಮ ಸ್ವಂತ ಗದ್ದೆಯ ಪಹಣಿ ತೆಗೆಸಿ, ಮನೆಯವರೆಲ್ಲ ಕೂಡಿ 9 ಮತ್ತು 11ನೇ ಕಾಲಮನ್ನು ಓದಿರಿ. ತನ್ನ ಪಹಣಿ ಓದಬಲ್ಲವನಿಗೆ ಪರರ ಪಹಣಿ ಕಷ್ಟವಲ್ಲ.