ರದ್ದತಿಯ ಆಜ್ಞೆ: ಕೃತಕ ಬುದ್ಧಿಯ ನಿಯೋಗಿಗೆ ಬರೆಯತಕ್ಕ ವಿವರಣೆ

ಓಡುತ್ತಿರುವ ರೈಲುಗಾಡಿಗೆ ಕೆಂಪು ಬಾವುಟವನ್ನು ತೋರಿಸಿದ ಕ್ಷಣದಲ್ಲಿಯೇ ಗಾಡಿಯು ನಿಲ್ಲುವುದಿಲ್ಲ. ಚಾಲಕನು ಬಾವುಟವನ್ನು ಕಾಣಬೇಕು, ಬ್ರೇಕನ್ನು ಹಾಕಬೇಕು, ಗಾಡಿಯ ಚಲನಶಕ್ತಿಯು ಘರ್ಷಣೆಯಿಂದ ಶಾಖವಾಗಿ ವ್ಯಯವಾಗಬೇಕು. ಅಷ್ಟರೊಳಗೆ ಗಾಡಿಯು ಬಹುದೂರ ಸಾಗಿರುತ್ತದೆ. ನಿಲ್ಲೆಂಬ ಸಂಕೇತವೇ ಬೇರೆ, ನಿಲುಗಡೆಯೇ ಬೇರೆ. ಈ ಭೇದವು ಗಣಕಯಂತ್ರಗಳಲ್ಲಿಯೂ ಉಂಟು. ಅದನ್ನು ಮರೆತರೆ ಆಗುವ ನಷ್ಟವೇನೆಂಬುದನ್ನು ಇಲ್ಲಿ ವಿಚಾರಿಸೋಣ.

ಅಪಾರವಾದ ದಾಖಲೆಗಳನ್ನು ಓದಿ, ವಿಂಗಡಿಸಿ, ಲೆಕ್ಕಹಾಕುವಂತೆ ಗಣಕಯಂತ್ರಕ್ಕೆ ಒಪ್ಪಿಸಿದ ಒಂದೊಂದು ಕೆಲಸಕ್ಕೂ ‘ಜಾಬ್’ ಎಂದು ಹೆಸರು. ನಾವು ಅದನ್ನು ‘ಕಾರ್ಯ’ವೆನ್ನೋಣ. ಕಾರ್ಯಗಳನ್ನು ಆರಂಭಿಸುವ, ನೋಡಿಕೊಳ್ಳುವ, ಅಗತ್ಯಬಿದ್ದರೆ ರದ್ದುಮಾಡುವ ಹೊಣೆಯನ್ನು ಈಚೆಗೆ ಕೃತಕ ಬುದ್ಧಿಮತ್ತೆಯ ‘ಏಜೆಂಟ್’ಗೆ, ಎಂದರೆ ನಿಯೋಗಿಗೆ, ವಹಿಸುವುದುಂಟು. ನಿಯೋಗಿಯು ನಮ್ಮ ಮಾತನ್ನು ಗ್ರಹಿಸಿ, ತನಗೊದಗಿಸಿದ ಉಪಕರಣಗಳಲ್ಲಿ ಯುಕ್ತವಾದುದನ್ನು ಆರಿಸಿಕೊಳ್ಳುತ್ತದೆ. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಸಂಸ್ಥೆಯು ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಎಂಬ ನಿಯಮಾವಳಿಯಂತೆ, ಇಂಥ ಉಪಕರಣಕ್ಕೆ ಒಂದು ಹೆಸರೂ ಅದಕ್ಕೆ ಕೊಡಬೇಕಾದ ಮಾಹಿತಿಯ ಪಟ್ಟಿಯೂ ಇರುತ್ತವೆ. ಮಾತಿನಲ್ಲಿ ಬರೆದ ವಿವರಣೆಯನ್ನೂ ಸೇರಿಸಬಹುದು. ಉಪಕರಣದ ಒಳಗು ನಿಯೋಗಿಗೆ ಸಾಮಾನ್ಯವಾಗಿ ಕಾಣದು. ಆದುದರಿಂದ ಆ ವಿವರಣೆಯೇ ಅದರ ಪಠ್ಯಪುಸ್ತಕ.

ಗೂಗಲ್ ಸಂಸ್ಥೆಯು 2010ರಲ್ಲಿ ಪ್ರಕಟಪಡಿಸಿದ ‘ಬಿಗ್‌ಕ್ವೆರಿ’ಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿ ಕಾರ್ಯಕ್ಕೆ ಮೂರು ಸ್ಥಿತಿಗಳು: ಕಾಯುತ್ತಿರುವುದು, ನಡೆಯುತ್ತಿರುವುದು, ಮುಗಿದಿರುವುದು. ರದ್ದುಮಾಡೆಂದು ಕೇಳಿದರೆ ಒಡನೆಯೇ ಉತ್ತರ ಬರುತ್ತದೆ. ಆದರೆ ಕೋರಿಕೆಯು ಮುಟ್ಟಿತೆಂಬಷ್ಟೇ ಅದರ ಅರ್ಥ. ಕಾರ್ಯವು ನಿಂತಿತೋ ಇಲ್ಲವೋ ಎಂಬುದನ್ನು ಮತ್ತೆ ವಿಚಾರಿಸಿಯೇ ತಿಳಿಯಬೇಕು.

ಇಲ್ಲೊಂದು ಸೂಕ್ಷ್ಮವಿದೆ. ರದ್ದಾದುದಕ್ಕೆಂದು ನಾಲ್ಕನೆಯ ಸ್ಥಿತಿಯೊಂದಿಲ್ಲ. ರದ್ದಾದ ಕಾರ್ಯವೂ ‘ಮುಗಿದಿರುವುದು’ ಎಂದೇ ಕಾಣುತ್ತದೆ. ಅದರ ದೋಷವಿವರದಲ್ಲಿ ‘ನಿಲ್ಲಿಸಲಾಗಿದೆ’ ಎಂಬ ಕಾರಣವನ್ನು ಓದಿದಾಗಲೇ ನಿಜಾಂಶವು ತಿಳಿಯುವುದು. ಸ್ಥಿತಿಯೊಂದನ್ನೇ ನೋಡುವ ನಿಯೋಗಿಯು, ಅರ್ಧಕ್ಕೆ ನಿಂತ ಲೆಕ್ಕವನ್ನು ಪೂರ್ಣವಾಯಿತೆಂದು ಹೇಳಿಬಿಡಬಹುದು. ಇದರ ವಿಪರ್ಯಾಸವೂ ಸಂಭವನೀಯ: ಕೋರಿಕೆಯು ಫಲಿಸುವ ಮುನ್ನವೇ ಕಾರ್ಯವು ಮುಗಿದು ಹಳೆಯ ಕೋಷ್ಟಕದ ಸ್ಥಾನದಲ್ಲಿ ಹೊಸದು ಬಂದಿರಬಹುದು, ನಿಯೋಗಿಯು ಮಾತ್ರ ‘ರದ್ದಾಯಿತು’ ಎಂದು ಭರವಸೆ ಕೊಡುತ್ತಿರಬಹುದು. ವೆಚ್ಚದ ವಿಷಯವೂ ಹೀಗೆಯೇ. ನಡುವೆ ನಿಲ್ಲಿಸಿದ ಪ್ರಶ್ನೆಗೆ ಪೂರ್ತಿ ನಡೆಸಿದಷ್ಟೇ ಶುಲ್ಕವು ಬೀಳುವ ಸಂಭವವುಂಟು.

‘ರದ್ದು’ ಎಂಬ ಪದಕ್ಕೆ ಎಲ್ಲೆಡೆಯೂ ಒಂದೇ ಅರ್ಥವಿಲ್ಲವೆಂಬುದನ್ನೂ ಗಮನಿಸಬೇಕು. ನಿರಂತರವಾಗಿ ಹರಿದುಬರುವ ದತ್ತಾಂಶವನ್ನು ಸಂಸ್ಕರಿಸುವ ಗೂಗಲಿನ ‘ಡೇಟಾಫ್ಲೋ’ದಲ್ಲಿ ನಿಲ್ಲಿಸುವ ಕ್ರಮವು ಒಂದೇ ಅಲ್ಲ. ರದ್ದುಮಾಡಿದರೆ ಸಂಸ್ಕರಣದ ಮಧ್ಯದಲ್ಲಿರುವ ದತ್ತಾಂಶವು ನಷ್ಟವಾಗಬಹುದು. ‘ಡ್ರೇನ್’ ಎಂಬ ಕ್ರಮದಲ್ಲಾದರೋ ಹೊಸದನ್ನು ಒಳಗೆ ಬಿಡದೆ, ಬಂದಿರುವುದನ್ನು ಸಂಸ್ಕರಿಸಿದ ನಂತರವೇ ನಿಲ್ಲಿಸಲಾಗುತ್ತದೆ. ಗದ್ದೆಗೆ ನೀರನ್ನು ತರುವ ಕಾಲುವೆಯನ್ನು ಒಡೆದುಬಿಡುವುದಕ್ಕೂ, ತೂಬನ್ನು ಮುಚ್ಚಿ ಕಾಲುವೆಯಲ್ಲಿರುವ ನೀರನ್ನು ಗದ್ದೆಗೆ ಹರಿಯಗೊಡುವುದಕ್ಕೂ ಇರುವ ಅಂತರವೇ ಇದು.

ಹಾಗಾದರೆ ಒಳ್ಳೆಯ ವಿವರಣೆಯಲ್ಲಿ ಏನೇನಿರಬೇಕು? ಮೊದಲನೆಯದಾಗಿ, ಯಾವ ಕಾರ್ಯವೆಂಬುದನ್ನು ಸಂದೇಹಕ್ಕೆಡೆಯಿಲ್ಲದಂತೆ ಗುರುತಿಸುವ ಬಗೆ. ಎರಡನೆಯದಾಗಿ, ಉತ್ತರದ ನಿಜವಾದ ಅರ್ಥ ಮತ್ತು ಮುಂದೆ ಪರೀಕ್ಷಿಸಬೇಕಾದ ಅಂಶಗಳು. ಮೂರನೆಯದಾಗಿ, ಉಳಿಯುವುದೇನು, ಅಳಿಯುವುದೇನು, ತೆರಬೇಕಾದುದೇನು ಎಂಬ ಲೆಕ್ಕ. ನಾಲ್ಕನೆಯದಾಗಿ, ಕಾರ್ಯವು ಆಗಲೇ ಮುಗಿದಿದ್ದರೆ ಅಥವಾ ಕೋರಿಕೆಯನ್ನು ಎರಡು ಬಾರಿ ಸಲ್ಲಿಸಿದರೆ ಏನಾಗುವುದೆಂಬ ಮಾತು. ಕೊನೆಯದಾಗಿ, ಮನುಷ್ಯನ ಒಪ್ಪಿಗೆಯನ್ನು ಯಾವಾಗ ಪಡೆಯಬೇಕೆಂಬ ನಿಯಮ.

ಮೇಲೆ ಹೇಳಿದ ನಿಯಮಾವಳಿಯ 2025ರ ಮಾರ್ಚ್ ಆವೃತ್ತಿಯಲ್ಲಿ, ಉಪಕರಣವು ಕೇವಲ ಓದತಕ್ಕದ್ದೋ, ನಾಶಕರವಾದ ಬದಲಾವಣೆಯನ್ನು ಮಾಡಬಲ್ಲುದೋ ಎಂಬ ಸೂಚನೆಗಳಿಗೂ ಸ್ಥಾನ ದೊರೆಯಿತು. ಆದರೆ ಇವು ಸೂಚನೆಗಳೇ ಹೊರತು ಬೀಗಗಳಲ್ಲ. ನಿಯೋಗಿಯ ಅಧಿಕಾರದ ಮಿತಿಯನ್ನು ಯಂತ್ರವ್ಯವಸ್ಥೆಯಲ್ಲಿಯೇ ಕಟ್ಟಬೇಕು.

ವಿವರಣೆಯು ಅಸ್ಪಷ್ಟವಾಗಿದ್ದರೆ ಮನುಷ್ಯನು ಪಕ್ಕದವರನ್ನು ಕೇಳಿಯಾನು, ನಾಳೆ ನೋಡೋಣವೆಂದು ಸುಮ್ಮನಾದಾನು. ನಿಯೋಗಿಯಾದರೋ ಕೆಲವೇ ಕ್ಷಣಗಳಲ್ಲಿ ಆಜ್ಞೆಯನ್ನು ಕೊಟ್ಟಿರುತ್ತದೆ. ಇತರರು ಹಗಲಿರುಳು ನಡೆಸಿದ ಲೆಕ್ಕವು ಉಳಿಯುವುದೂ ಅಳಿಯುವುದೂ ಆಗ ನಾಲ್ಕು ಸಾಲಿನ ಆ ವಿವರಣೆಯನ್ನು ಅವಲಂಬಿಸಿರಬಹುದು. ಅದನ್ನು ಬರೆಯುವವನು ಪ್ರಯೋಗಶಾಲೆಯ ಸೂಚನೆಗಳನ್ನು ಬರೆಯುವಷ್ಟೇ ಎಚ್ಚರದಿಂದ ಬರೆಯಬೇಕು.