ಮೆಮೊರಿ ಸೋರಿಕೆ: ಗಣಕಯಂತ್ರದ ಲೆಕ್ಕವನ್ನು ತಾಳೆ ನೋಡುವ ಕ್ರಮ

ವ್ಯಾಪಾರಿಯ ಕಿರ್ದಿ, ಖತಾವಣಿ ಹಾಗೂ ದಾಸ್ತಾನು ಪುಸ್ತಕಗಳು ಗಣಕಯಂತ್ರದೊಳಗೆ ಸೇರಿ ಬಹಳ ವರ್ಷಗಳು ಸಂದಿವೆ. ನಮ್ಮ ಸದಸ್ಯರಲ್ಲಿ ಅನೇಕರು ಹಗಲು ಅಂಗಡಿ ಅಥವಾ ಕಾರ್ಖಾನೆಯನ್ನು ನೋಡಿಕೊಂಡು, ರಾತ್ರಿ ಮನೆಯ ಗಣಕಯಂತ್ರದಲ್ಲಿ ಲೆಕ್ಕ ಬರೆಯುವವರು. ಪ್ರತಿ ತಿಂಗಳು ವಿವರಪಟ್ಟಿ ಸಲ್ಲಿಸುವವರಿಗೆ 11ನೇ ತಾರೀಖು ಜಿಎಸ್‌ಟಿಆರ್-1ರ ಗಡುವು, 20ನೇ ತಾರೀಖು ಜಿಎಸ್‌ಟಿಆರ್-3ಬಿಯ ಗಡುವು. ಅಂತಹ ರಾತ್ರಿಯೇ ಯಂತ್ರವು ಕುಂಟುತ್ತ ಕುಂಟುತ್ತ ನಿಂತುಹೋದರೆ ವಿಳಂಬ ಶುಲ್ಕವನ್ನೂ ಬಡ್ಡಿಯನ್ನೂ ತೆರಬೇಕಾದವರು ನಾವೇ. ಯಂತ್ರ ಹೀಗೆ ಕುಂಟುವುದಕ್ಕೆ ಇರುವ ಕಾರಣಗಳಲ್ಲಿ ಕಣ್ಣಿಗೆ ಬೀಳದಂತಹುದು ಮೆಮೊರಿ ಸೋರಿಕೆ. ಇದನ್ನು ಪತ್ತೆ ಹಚ್ಚಲು ತಂತ್ರಜ್ಞರ ವಿದ್ಯೆಗಿಂತ ಲೆಕ್ಕಿಗನ ತಾಳ್ಮೆಯೇ ಹೆಚ್ಚು ಬೇಕಾಗುತ್ತದೆ.

ಸೋರಿಕೆ ಎಂದರೇನು?

ಹಾರ್ಡ್ ಡಿಸ್ಕ್ ಎಂಬುದು ಗೋದಾಮು ಎಂದುಕೊಂಡರೆ, ರ್‍ಯಾಮ್ ಎಂಬ ಮೆಮೊರಿಯು ಅಂಗಡಿಯ ಮುಂದಿನ ಮೇಜು. ಗೋದಾಮಿನಿಂದ ತಂದ ಸರಕನ್ನು ಈ ಮೇಜಿನ ಮೇಲಿಟ್ಟೇ ವ್ಯವಹಾರ ನಡೆಸಬೇಕು. ಪ್ರತಿಯೊಂದು ಸಾಫ್ಟ್‌ವೇರ್ ತನಗೆ ಬೇಕಾದಷ್ಟು ಮೆಮೊರಿಯನ್ನು ವಿಂಡೋಸ್‌ನಿಂದ ಕೈಗಡದಂತೆ ಪಡೆಯುತ್ತದೆ. ಕೆಲಸ ಮುಗಿದೊಡನೆ ಹಿಂದಿರುಗಿಸುವುದು ನಿಯಮ. ಬರೆದವರ ಲೋಪದಿಂದ ಯಾವುದಾದರೊಂದು ಸಾಫ್ಟ್‌ವೇರ್ ಪಡೆಯುತ್ತಲೇ ಹೋಗಿ ಹಿಂದಿರುಗಿಸುವುದನ್ನು ಮರೆತರೆ ಅದೇ ಮೆಮೊರಿ ಸೋರಿಕೆ. ಮೇಜು ತುಂಬಿದಾಗ ವಿಂಡೋಸ್ ಸರಕನ್ನು ಗೋದಾಮಿಗೂ ಮೇಜಿಗೂ ಸಾಗಿಸತೊಡಗುತ್ತದೆ. ಡಿಸ್ಕ್ ನಿಧಾನವಾದುದರಿಂದ ಯಂತ್ರವೂ ನಿಧಾನವಾಗುತ್ತದೆ.

ಸಾಮಾನ್ಯ ಸಾಫ್ಟ್‌ವೇರ್ ಸೋರುತ್ತಿದ್ದರೆ ಅದನ್ನು ಮುಚ್ಚಿದೊಡನೆ ವಿಂಡೋಸ್ ತನ್ನ ಬಾಕಿಯನ್ನೆಲ್ಲ ವಸೂಲು ಮಾಡಿಕೊಳ್ಳುತ್ತದೆ. ಆದರೆ ಮುದ್ರಕ, ನೆಟ್‌ವರ್ಕ್ ಕಾರ್ಡ್ ಮುಂತಾದ ಉಪಕರಣಗಳನ್ನು ನಡೆಸುವ ಡ್ರೈವರ್‌ಗಳು ವಿಂಡೋಸ್‌ನ ಒಳಮನೆಯಲ್ಲಿಯೇ ವಾಸಿಸುತ್ತವೆ. ಅವು ಸೋರಿದರೆ ಯಂತ್ರವನ್ನು ರೀಸ್ಟಾರ್ಟ್ ಮಾಡುವವರೆಗೆ ಸಾಮಾನ್ಯವಾಗಿ ವಸೂಲಾತಿ ಇಲ್ಲ.

ಸೋರಿಕೆಯಲ್ಲದ್ದು ಯಾವುದು?

ಖಾತೆಯೊಂದರ ಬಾಕಿ ದೊಡ್ಡದಾಗಿದೆ ಎಂಬ ಮಾತ್ರಕ್ಕೆ ದುರುಪಯೋಗವಾಗಿದೆ ಎನ್ನಲಾಗದು. ವ್ಯವಹಾರ ಹೆಚ್ಚದೆಯೇ ಬಾಕಿ ಮಾತ್ರ ಬೆಳೆಯುತ್ತಿದ್ದರೆ ಸಂಶಯಪಡಬೇಕು. ಮೆಮೊರಿಯ ವಿಷಯದಲ್ಲಿಯೂ ಹೀಗೆಯೇ. ಹತ್ತಾರು ಪುಟಗಳನ್ನು ತೆರೆದ ಬ್ರೌಸರ್ 2 ಜಿಬಿ ಬಳಸಿ ಅಲ್ಲಿಯೇ ನಿಂತರೆ ಅದು ಸೋರಿಕೆಯಲ್ಲ. ಮುಂದೆ ಬೇಕಾಗಬಹುದೆಂದು ವಿಂಡೋಸ್ ಎತ್ತಿಟ್ಟುಕೊಳ್ಳುವ 'ಕ್ಯಾಶ್ಡ್' ಮೆಮೊರಿಯೂ ಸೋರಿಕೆಯಲ್ಲ; ಬೇರೆಯವರು ಕೇಳಿದೊಡನೆ ಅದನ್ನು ಬಿಟ್ಟುಕೊಡಲಾಗುತ್ತದೆ.

ಒಂದು ಪ್ರಕರಣ

ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಉದ್ಯಮಿಯೊಬ್ಬರ ಲೆಕ್ಕಪತ್ರಗಳನ್ನು ನಾನು ನೋಡಿಕೊಳ್ಳುತ್ತೇನೆ. ಅವರ ಮನೆಯ ಗಣಕಯಂತ್ರದಲ್ಲಿ 8 ಜಿಬಿ ಮೆಮೊರಿ ಇದೆ. ಬೆಳಿಗ್ಗೆ ಯಂತ್ರವನ್ನು ತೆರೆದಾಗ, ಒಂದೂ ಸಾಫ್ಟ್‌ವೇರ್ ನಡೆಯದಿದ್ದರೂ, ಮುಕ್ಕಾಲು ಪಾಲು ಮೆಮೊರಿ ಖರ್ಚಾಗಿರುತ್ತಿತ್ತು. "ಪ್ರತಿ ರಾತ್ರಿ ನಾನೇ ಷಟ್‌ಡೌನ್ ಮಾಡುತ್ತೇನೆ ಸಾರ್, ಬೆಳಗಾಗುವಷ್ಟರಲ್ಲಿ ಅದನ್ನು ತುಂಬಿದವರು ಯಾರು?" ಎಂಬುದು ಅವರ ಪ್ರಶ್ನೆ. ದುರಸ್ತಿಗೆ ಬಂದವರು ಎರಡು ಸಲಹೆ ನೀಡಿದ್ದರು: ಇನ್ನೂ 8 ಜಿಬಿ ಮೆಮೊರಿ ಹಾಕಿಸುವುದು, ಇಲ್ಲವೇ ಡಿಸ್ಕನ್ನು ಪೂರ್ತಿ ಫಾರ್ಮ್ಯಾಟ್ ಮಾಡುವುದು.

ಮೊದಲು ನೋಡಬೇಕಾದುದು ಟಾಸ್ಕ್ ಮ್ಯಾನೇಜರ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ. 'ಪರ್ಫಾರ್ಮೆನ್ಸ್' ಪುಟದ ಸಿಪಿಯು ಭಾಗದಲ್ಲಿ 'ಅಪ್ ಟೈಮ್' ಎಂದರೆ ಯಂತ್ರವು ಎಷ್ಟು ಕಾಲದಿಂದ ನಡೆಯುತ್ತಿದೆ ಎಂಬ ವಿವರವಿರುತ್ತದೆ. ಪ್ರತಿ ರಾತ್ರಿ ಮುಚ್ಚುತ್ತಿದ್ದ ಆ ಯಂತ್ರವು 11 ದಿನಗಳಿಂದ ಸತತವಾಗಿ ನಡೆಯುತ್ತಿದೆ ಎಂದು ಅಲ್ಲಿ ದಾಖಲಾಗಿತ್ತು!

ಇದರ ಮರ್ಮ ಹೀಗಿದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಎಂಬ ವ್ಯವಸ್ಥೆ ಜಾರಿಯಲ್ಲಿದೆ. ಷಟ್‌ಡೌನ್ ಮಾಡಿದಾಗ ನಮ್ಮ ಸಾಫ್ಟ್‌ವೇರ್‌ಗಳೆಲ್ಲ ಮುಚ್ಚಿದರೂ ವಿಂಡೋಸ್‌ನ ಒಳಭಾಗವೂ ಡ್ರೈವರ್‌ಗಳೂ ಇದ್ದ ಸ್ಥಿತಿಯಲ್ಲಿಯೇ ಡಿಸ್ಕಿಗೆ ಬರೆಯಲ್ಪಟ್ಟು, ಮರುದಿನ ಹಾಗೆಯೇ ಹಿಂದಿರುಗುತ್ತವೆ. ಯಂತ್ರ ಬೇಗ ತೆರೆಯಲೆಂಬ ಅನುಕೂಲವಿದು. ಆದರೆ ಡ್ರೈವರಿನ ಸೋರಿಕೆಯೂ ಹಿಂದಿನ ದಿನದ ಬಾಕಿಯಂತೆ ಮುಂದಿನ ದಿನದ ಆರಂಭ ಶಿಲ್ಕಾಗಿ ಬಂದು ಕೂರುತ್ತದೆ. 'ರೀಸ್ಟಾರ್ಟ್' ಮಾಡಿದಾಗ ಮಾತ್ರ ಖಾತೆ ಚುಕ್ತಾ. ಆದುದರಿಂದ ಅಪರಾಧಿ ಯಾವುದೋ ಡ್ರೈವರ್ ಎಂಬ ಸುಳಿವು ಇಲ್ಲಿಯೇ ದೊರೆಯಿತು.

ತಾಳೆಪಟ್ಟಿ

ಮರುದಿನ ಯಂತ್ರವನ್ನು ರೀಸ್ಟಾರ್ಟ್ ಮಾಡಿಸಿ, ಮೂರು ಗಂಟೆಗೊಮ್ಮೆ ಟಾಸ್ಕ್ ಮ್ಯಾನೇಜರಿನ ಮೆಮೊರಿ ಭಾಗದಿಂದ ಎರಡು ಅಂಕಿಗಳನ್ನು ಬರೆದಿಡಲು ತಿಳಿಸಿದೆ. ಒಂದು, ಬಳಕೆಯಲ್ಲಿರುವ ಒಟ್ಟು ಮೆಮೊರಿ. ಎರಡು, 'ನಾನ್-ಪೇಜ್ಡ್ ಪೂಲ್'. ಈ ಎರಡನೆಯದು ಡಿಸ್ಕಿಗೆ ಸಾಗಿಸಲಾಗದ, ವಿಂಡೋಸ್ ಮತ್ತು ಡ್ರೈವರ್‌ಗಳ ಮೀಸಲು ಭಾಗ.

ಬೆಳಿಗ್ಗೆ 9: ಒಟ್ಟು 2.9 ಜಿಬಿ, ಪೂಲ್ 0.2 ಜಿಬಿ
ಮಧ್ಯಾಹ್ನ 12: ಒಟ್ಟು 4.1 ಜಿಬಿ, ಪೂಲ್ 1.4 ಜಿಬಿ
ಮಧ್ಯಾಹ್ನ 3: ಒಟ್ಟು 5.3 ಜಿಬಿ, ಪೂಲ್ 2.6 ಜಿಬಿ
ಸಂಜೆ 6: ಒಟ್ಟು 6.5 ಜಿಬಿ, ಪೂಲ್ 3.8 ಜಿಬಿ

ಒಟ್ಟು ಮೊತ್ತದಿಂದ ಪೂಲನ್ನು ಕಳೆಯಿರಿ. ನಾಲ್ಕು ವೇಳೆಯಲ್ಲಿಯೂ ಉಳಿಯುವುದು 2.7 ಜಿಬಿಯೇ. ಅಂದರೆ ಲೆಕ್ಕದ ಸಾಫ್ಟ್‌ವೇರಾಗಲಿ ಬ್ರೌಸರಾಗಲಿ ತಪ್ಪಿತಸ್ಥರಲ್ಲ. ಹೆಚ್ಚಳವೆಲ್ಲ ಪೂಲಿನದು, ಗಂಟೆಗೆ 0.4 ಜಿಬಿ. ಇನ್ನೂ 8 ಜಿಬಿ ಹಾಕಿಸಿದ್ದರೆ ಯಂತ್ರಕ್ಕೆ ಹೆಚ್ಚುವರಿಯಾಗಿ ದೊರೆಯುತ್ತಿದ್ದುದು 20 ಗಂಟೆಗಳ ಅವಧಿ ಮಾತ್ರ. ಸೋರುವ ಕೊಡಕ್ಕೆ ಬದಲು ದೊಡ್ಡದೊಂದು ಸೋರುವ ಕೊಡ ತಂದಂತಾಗುತ್ತಿತ್ತು.

ಮುಂದಿನ ಕ್ರಮ ಪ್ರತ್ಯೇಕಿಸಿ ನೋಡುವುದು. ರೀಸ್ಟಾರ್ಟ್ ಮಾಡಿ, ಅಂತರ್ಜಾಲದ ಕೇಬಲನ್ನು ಮೂರು ಗಂಟೆ ಕಿತ್ತಿಟ್ಟಾಗ ಪೂಲ್ 0.2ರಲ್ಲಿಯೇ ನಿಂತಿತು. ಕೇಬಲ್ ಜೋಡಿಸಿದೊಡನೆ ಏರತೊಡಗಿತು. ಸೋರಿಕೆಯು ನೆಟ್‌ವರ್ಕಿನ ದಾರಿಯಲ್ಲಿದೆ ಎಂಬುದು ಖಚಿತವಾಯಿತು. ಅನಂತರ ತಂತ್ರಜ್ಞರು ಮೈಕ್ರೋಸಾಫ್ಟ್ ಒದಗಿಸುವ 'ಪೂಲ್‌ಮಾನ್' ಎಂಬ ಉಪಕರಣವನ್ನು ಬಳಸಿದರು. ಪೂಲಿನಿಂದ ಮೆಮೊರಿ ಪಡೆಯುವ ಡ್ರೈವರ್ ಸಾಮಾನ್ಯವಾಗಿ ನಾಲ್ಕಕ್ಷರದ ಗುರುತನ್ನು ದಾಖಲಿಸುತ್ತದೆ; ಪೂಲ್‌ಮಾನ್ ಆ ಗುರುತುಗಳ ಬಾಕಿಯನ್ನು ಖತಾವಣಿಯಂತೆ ತೋರಿಸುತ್ತದೆ. ಬೆಳೆಯುತ್ತಿದ್ದ ಗುರುತನ್ನು ಡ್ರೈವರ್ ಕಡತಗಳಲ್ಲಿ ಹುಡುಕಿದಾಗ, ನೆಟ್‌ವರ್ಕ್ ಕಾರ್ಡಿನೊಂದಿಗೆ ಬಂದಿದ್ದ 'ವೇಗವರ್ಧಕ' ಡ್ರೈವರೊಂದು ಸಿಕ್ಕಿಬಿದ್ದಿತು. ಅದನ್ನು ತೆಗೆದು, ಕಾರ್ಡಿನ ಮೂಲ ಡ್ರೈವರನ್ನು ತಯಾರಕರ ತಾಣದಿಂದ ನವೀಕರಿಸಲಾಯಿತು. ಮುಂದಿನ ವಾರವಿಡೀ ಪೂಲ್ 0.3 ದಾಟಲಿಲ್ಲ. ಬಿಡಿಭಾಗಗಳಿಗೆ ತಗುಲಿದ ವೆಚ್ಚ ಶೂನ್ಯ.

ಲಂಡನ್ನಿನ ಪಾಠ

ಇಂತಹ ಸಣ್ಣ ಲೋಪ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಲಂಡನ್ ಆಂಬುಲೆನ್ಸ್ ಸೇವೆಯೇ ಸಾಕ್ಷಿ. 1992ರ ನವೆಂಬರ್ 4ರ ನಸುಕಿನಲ್ಲಿ ಅಲ್ಲಿನ ಗಣಕೀಕೃತ ವ್ಯವಸ್ಥೆ ಸ್ತಬ್ಧವಾಯಿತು. ಪ್ರತಿ ವಾಹನವನ್ನು ಕಳುಹಿಸುವಾಗಲೂ ಸ್ವಲ್ಪ ಮೆಮೊರಿ ಹಿಡಿದಿಟ್ಟು ಬಿಡದಂತಹ ಪ್ರೋಗ್ರಾಮ್ ತುಣುಕೊಂದು ಸರ್ವರಿನಲ್ಲಿ ಉಳಿದುಬಿಟ್ಟಿತ್ತು. ಸುಮಾರು ಮೂರು ವಾರಗಳಲ್ಲಿ ಮೆಮೊರಿಯೆಲ್ಲ ಬರಿದಾಯಿತು. ಒಂದು ದಿನದ ಅಂಕಿಯನ್ನು ನೋಡಿದವರಿಗೆ ಅದು ಕಾಣುತ್ತಿರಲಿಲ್ಲ. ದಿನದಿನದ ಅಂಕಿಗಳನ್ನು ಸಾಲಾಗಿ ಇಟ್ಟಿದ್ದರೆ ಕಾಣುತ್ತಿತ್ತು.

ಸದಸ್ಯರು ಅನುಸರಿಸಬಹುದಾದ ಕ್ರಮ

1. ಸಂಶಯ ಬಂದಾಗ ಮೊದಲು ಅಪ್ ಟೈಮ್ ನೋಡಿ, ಅನಂತರ ಷಟ್‌ಡೌನ್ ಬದಲು ರೀಸ್ಟಾರ್ಟ್ ಮಾಡಿರಿ.

2. ಒಂದು ದಿನದಲ್ಲಿ ಕನಿಷ್ಠ ನಾಲ್ಕು ಬಾರಿ ಒಟ್ಟು ಬಳಕೆ, ನಾನ್-ಪೇಜ್ಡ್ ಪೂಲ್ ಹಾಗೂ ಹೆಚ್ಚು ಮೆಮೊರಿ ಬಳಸುವ ಮೂರು ಸಾಫ್ಟ್‌ವೇರ್‌ಗಳ ಅಂಕಿಗಳನ್ನು ಕಾಗದದ ಮೇಲೆ ಬರೆದಿಡಿರಿ.

3. ಒಂದೇ ಸಾಫ್ಟ್‌ವೇರಿನ ಅಂಕಿ ಏರುತ್ತಿದ್ದರೆ ಅದನ್ನು ಮುಚ್ಚಿ, ಮೆಮೊರಿ ಹಿಂದಿರುಗುವುದೇ ನೋಡಿರಿ. ಹಿಂದಿರುಗಿದರೆ ಆ ಸಾಫ್ಟ್‌ವೇರನ್ನು ನವೀಕರಿಸಿರಿ. ಬ್ರೌಸರ್ ಆಗಿದ್ದಲ್ಲಿ ಅದಕ್ಕೆ ಸೇರಿಸಿದ ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಿರಿ.

4. ಪೂಲ್ ಏರುತ್ತಿದ್ದರೆ ಡ್ರೈವರಿನ ದೋಷವೆಂದು ತಂತ್ರಜ್ಞರಿಗೆ ತಿಳಿಸಿ, ನಿಮ್ಮ ಪಟ್ಟಿಯನ್ನು ಅವರ ಕೈಗೆ ಕೊಡಿರಿ.

5. ಒಮ್ಮೆಗೆ ಒಂದೇ ಬದಲಾವಣೆ ಮಾಡಿರಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗುಣವಾದರೂ ಕಾರಣ ತಿಳಿಯದು.

6. 'ಮೆಮೊರಿ ಶುದ್ಧೀಕರಿಸುವ' ಸಾಫ್ಟ್‌ವೇರ್‌ಗಳಿಗೆ ಹಣ ತೆರಬೇಡಿರಿ. ಅವು ಮುಖ್ಯವಾಗಿ ಮೇಜಿನ ಸರಕನ್ನು ಗೋದಾಮಿಗೆ ತಳ್ಳುತ್ತವೆ. ಡ್ರೈವರ್ ಪಡೆದ ಸಾಲವನ್ನು ತೀರಿಸಲಾರವು.

7. ಫಾರ್ಮ್ಯಾಟ್ ಎಂಬುದು ಕೊನೆಯ ಉಪಾಯ. ದೋಷಪೂರಿತ ಡ್ರೈವರನ್ನೇ ಮತ್ತೆ ಹಾಕಿದರೆ ಸೋರಿಕೆಯೂ ಮತ್ತೆ ಬರುತ್ತದೆ.

ಫಾರ್ಮ್ಯಾಟ್ ವಿಚಾರದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಕೇಂದ್ರ ಜಿಎಸ್‌ಟಿ ಕಾಯಿದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳು ಕಾಯ್ದಿಡಬೇಕು. ಕಂಪನಿಗಳಿಗೆ 2013ರ ಕಂಪನಿ ಕಾಯಿದೆಯ 128ನೇ ಕಲಮು 8 ಆರ್ಥಿಕ ವರ್ಷಗಳನ್ನು ವಿಧಿಸಿದೆ. ಡಿಸ್ಕ್ ಅಳಿಸಿಹೋಯಿತೆಂಬ ಸಮಜಾಯಿಷಿಯನ್ನು ನೆಚ್ಚಿಕೊಂಡು ತನಿಖಾಧಿಕಾರಿಯ ಮುಂದೆ ನಿಲ್ಲಲಾಗದು. ಆದಕಾರಣ ಯಂತ್ರವನ್ನು ದುರಸ್ತಿಗೆ ಕೊಡುವ ಮುನ್ನ ಲೆಕ್ಕದ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇರಿಸಿ, ಆ ಪ್ರತಿಯು ಮತ್ತೊಂದು ಯಂತ್ರದಲ್ಲಿ ತೆರೆಯುವುದೇ ಎಂದು ಖಾತರಿಪಡಿಸಿಕೊಳ್ಳುವುದು ಕ್ಷೇಮಕರ.