ಅಮೆರಿಕದ ಪೌರತ್ವ ಪರೀಕ್ಷೆ: ಉರು ಹೊಡೆಯುವ ಮೊದಲು ಸಂವಿಧಾನ ಓದಿ

ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ತುಂಬುತ್ತಿದ್ದಂತೆ ಅಮೆರಿಕದಲ್ಲಿರುವ ನಮ್ಮವರಲ್ಲಿ ಅನೇಕರು ಪೌರತ್ವಕ್ಕೆ ಅರ್ಜಿ ಹಾಕುತ್ತಾರೆ. ಕೂಡಲೇ ಪ್ರಶ್ನೋತ್ತರದ ಪಟ್ಟಿ ಹಿಡಿದು ಬಾಯಿಪಾಠಕ್ಕೆ ಕೂರುತ್ತಾರೆ. ಪಾಸಾಗಲು ಅಷ್ಟು ಸಾಕಾಗಬಹುದು. ಆದರೆ ಪೊಲೀಸರು ಬಾಗಿಲು ತಟ್ಟಿದಾಗ, ಜ್ಯೂರಿ ಕೆಲಸಕ್ಕೆ ಕರೆ ಬಂದಾಗ ಬಾಯಿಪಾಠ ನೆರವಿಗೆ ಬರುವುದಿಲ್ಲ. ಸಂವಿಧಾನದ ಕಟ್ಟು ಅರ್ಥವಾದವರಿಗೆ ಉತ್ತರಗಳೂ ಸುಲಭವಾಗಿ ನೆನಪಿರುತ್ತವೆ. ಅಪ್ಪ ಅಮ್ಮನಿಗೆ ಹೇಳಿಕೊಡುವವರೂ ಈ ಕ್ರಮದಲ್ಲೇ ಹೋಗಿ.

ಹಂತ 1: ನಿಮ್ಮದು ಯಾವ ಪಟ್ಟಿ?

2025ರ ಅಕ್ಟೋಬರ್ 20ರಿಂದೀಚೆಗೆ ಎನ್-400 ಎಂಬ ಪೌರತ್ವದ ಅರ್ಜಿ ಸಲ್ಲಿಸಿದವರಿಗೆ 128 ಪ್ರಶ್ನೆಗಳ ಪಟ್ಟಿ. ಅದರಿಂದ ಅಧಿಕಾರಿ 20ರವರೆಗೆ ಕೇಳುತ್ತಾರೆ, 12 ಸರಿಯಾಗಬೇಕು. ಅದಕ್ಕೂ ಮೊದಲು ಸಲ್ಲಿಸಿದವರಿಗೆ ಹಳೆಯ 100ರ ಪಟ್ಟಿ. ಹತ್ತರಲ್ಲಿ ಆರು ಸರಿಯಾದರೆ ಸಾಕು. ಉತ್ತರವನ್ನು ಎದುರು ಕುಳಿತು ಬಾಯಲ್ಲೇ ಹೇಳಬೇಕು. ಫೇಲಾದರೆ ಇನ್ನೊಂದು ಅವಕಾಶವಿದೆ.

ಇಂಗ್ಲಿಷ್ ಬರದೆಂದು ಹಿಂಜರಿಯುವ ಹಿರಿಯರಿಗೆ ಇದನ್ನು ಮೊದಲೇ ಹೇಳಿ: ಅರ್ಜಿ ಹಾಕುವಾಗ 55 ತುಂಬಿದ್ದು ಗ್ರೀನ್ ಕಾರ್ಡಿನ ಮೇಲೆ 15 ವರ್ಷ ಅಲ್ಲಿ ವಾಸವಿದ್ದವರು, ಅಥವಾ 50 ತುಂಬಿದ್ದು 20 ವರ್ಷ ಇದ್ದವರು, ದುಭಾಷಿಯನ್ನು ಕರೆದುಕೊಂಡು ಹೋಗಿ ಕನ್ನಡದಲ್ಲೇ ಉತ್ತರಿಸಬಹುದು. 65 ತುಂಬಿ 20 ವರ್ಷ ಕಳೆದವರು ಓದಬೇಕಾದದ್ದು ಬರೀ 20 ಪ್ರಶ್ನೆ.

ಹಂತ 2: ಮೊದಲ ಮೂರು ವಿಧಿ

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಮೂಲ ಸಂವಿಧಾನದಲ್ಲಿ ಏಳೇ ವಿಧಿಗಳು. ಒಂದು ಸಂಜೆಗೆ ಓದಿ ಮುಗಿಸಬಹುದು. ಮೊದಲನೆಯದು ಕಾಂಗ್ರೆಸ್, ಎರಡನೆಯದು ಅಧ್ಯಕ್ಷ, ಮೂರನೆಯದು ನ್ಯಾಯಾಂಗ. ಸೆನೆಟ್‌ನಲ್ಲಿ ರಾಜ್ಯಕ್ಕೆ ಇಬ್ಬರಂತೆ 100 ಜನ, ಆರು ವರ್ಷದ ಅವಧಿ. ಪ್ರತಿನಿಧಿ ಸಭೆಯಲ್ಲಿ ಜನಸಂಖ್ಯೆಗೆ ತಕ್ಕಂತೆ ಹಂಚಿಕೆಯಾದ 435 ಮಂದಿ, ಎರಡೇ ವರ್ಷ.

ಭಾರತದಲ್ಲಿ ಬೆಳೆದವರು ತಡವರಿಸುವುದು ಇಲ್ಲಿ. ನಮ್ಮ ಪ್ರಧಾನಿ ಸಂಸತ್ತಿನ ಸದಸ್ಯ, ಲೋಕಸಭೆಯ ವಿಶ್ವಾಸ ಹೋದರೆ ಇಳಿಯಬೇಕು. ಅಮೆರಿಕದ ಅಧ್ಯಕ್ಷ ಕಾಂಗ್ರೆಸ್ಸಿನ ಸದಸ್ಯನಲ್ಲ, ಅವಿಶ್ವಾಸ ಗೊತ್ತುವಳಿಯಿಂದ ಬೀಳುವವನೂ ಅಲ್ಲ. ಅವಧಿಗೆ ಮೊದಲು ಅವನನ್ನು ತೆಗೆಯಬೇಕಾದರೆ ಪ್ರತಿನಿಧಿ ಸಭೆ ಆರೋಪ ಹೊರಿಸಿ, ಸೆನೆಟ್ ವಿಚಾರಣೆ ನಡೆಸಿ, ಮೂರನೇ ಎರಡರಷ್ಟು ಮತದಿಂದ ಅಪರಾಧಿ ಎನ್ನಬೇಕು.

ಹಂತ 3: ಒಂದು ಮಸೂದೆಯ ಬೆನ್ನು ಹತ್ತಿ

ಎರಡೂ ಸದನ ಒಪ್ಪಿದ ಮಸೂದೆ ಅಧ್ಯಕ್ಷರ ಮೇಜಿಗೆ ಬರುತ್ತದೆ. ಅವರು ವೀಟೊ ಮಾಡಿದರೆ ಎರಡೂ ಸದನಗಳು ಮೂರನೇ ಎರಡರ ಬಹುಮತದಿಂದ ಅದನ್ನು ಮೀರಬಹುದು. ಕಾನೂನಾದ ಮೇಲೂ ನ್ಯಾಯಾಲಯ ಅದನ್ನು ಸಂವಿಧಾನಬಾಹಿರ ಎಂದು ರದ್ದು ಮಾಡಬಹುದು. ಈ ಅಧಿಕಾರವನ್ನು ಸುಪ್ರೀಂ ಕೋರ್ಟ್ 1803ರ ಮಾರ್ಬರಿ ಪ್ರಕರಣದಲ್ಲಿ ಸ್ಥಾಪಿಸಿತು. ಯಾರ ಕೈಯಲ್ಲೂ ಪೂರ್ತಿ ಅಧಿಕಾರ ಇರಬಾರದು ಎಂಬುದು ಇಡೀ ಏರ್ಪಾಟಿನ ತಳಹದಿ.

ಹಂತ 4: ಹಕ್ಕುಗಳಿಗೆ ಸಮಯ ಕೊಡಿ

ಮೊದಲ ಹತ್ತು ತಿದ್ದುಪಡಿಗಳೇ ಹಕ್ಕುಗಳ ಮಸೂದೆ; 1791ರಲ್ಲಿ ಅಂಗೀಕಾರವಾಯಿತು. ಮೊದಲನೆಯದು ಒಂದೇ ವಾಕ್ಯ. ಅದರಲ್ಲೇ ಧರ್ಮ, ಮಾತು, ಪತ್ರಿಕೆ, ಶಾಂತಿಯುತ ಸಭೆ, ಸರ್ಕಾರಕ್ಕೆ ಅಹವಾಲು ಎಲ್ಲ ಸೇರಿವೆ. ಆ ವಾಕ್ಯ ಪ್ರಜೆಗೆ ಏನನ್ನೂ ದಯಪಾಲಿಸುವುದಿಲ್ಲ. ಸರ್ಕಾರದ ಕೈ ಕಟ್ಟುತ್ತದೆ. ಹಾಗಾಗಿಯೇ ಖಾಸಗಿ ಕಂಪನಿಯೊಂದು ನಿಮ್ಮ ಪೋಸ್ಟ್ ಅಳಿಸಿದರೆ ಮೊದಲ ತಿದ್ದುಪಡಿಯ ಉಲ್ಲಂಘನೆಯಾಗದು, ಸರ್ಕಾರ ಅಳಿಸಿದರೆ ಪ್ರಶ್ನಿಸಬಹುದು.

ನಾಲ್ಕನೆಯದು ಬಾಗಿಲ ಬಳಿಯ ಹಕ್ಕು. ಮನೆ ಶೋಧಿಸಬೇಕೆಂದರೆ, ತುರ್ತು ಸಂದರ್ಭ ಬಿಟ್ಟರೆ, ಸಾಮಾನ್ಯವಾಗಿ ವಾರಂಟ್ ಬೇಕು. ಅದನ್ನು ಕಿಟಕಿಯ ಗಾಜಿಗೆ ಹಿಡಿದು ತೋರಿಸಲು ಕೇಳಿ. ನ್ಯಾಯಾಧೀಶರ ಸಹಿ ಇದೆಯೇ, ವಿಳಾಸ ನಿಮ್ಮದೇನಾ ನೋಡಿ. ‘ಒಳಗೆ ಬರಬಹುದೇ’ ಎಂಬ ಪ್ರಶ್ನೆಗೆ ‘ಬನ್ನಿ’ ಎಂದುಬಿಟ್ಟರೆ ಒಪ್ಪಿಗೆ ಕೊಟ್ಟಂತೆ. ಮನೆಗೆ ಬಂದವರನ್ನು ಒಳಗೆ ಕರೆದೇ ರೂಢಿಯಾದ ನಮ್ಮ ಹಿರಿಯರಿಗೆ ಇದನ್ನು ಒತ್ತಿ ಹೇಳಬೇಕು. ಐದನೆಯದು ಸುಮ್ಮನಿರುವ ಹಕ್ಕು. ಸುಮ್ಮನಿರುತ್ತೇನೆ ಎಂದು ಬಾಯಿಬಿಟ್ಟು ಹೇಳಿಯೇ ಸುಮ್ಮನಿರಿ. ಆರನೆಯದು ವಕೀಲರ ನೆರವು. ಗಂಭೀರ ಅಪರಾಧದ ಮೊಕದ್ದಮೆಯಲ್ಲಿ ಬಡವರಿಗೆ ಸರ್ಕಾರವೇ ವಕೀಲರನ್ನು ಕೊಡಬೇಕೆಂದು 1963ರ ಗಿಡಿಯನ್ ತೀರ್ಪು ಹೇಳಿತು. ಈ ಮೂರೂ ಪ್ರಜೆಗಳಿಗಷ್ಟೇ ಮೀಸಲಲ್ಲ.

ಹಂತ 5: ನಂತರದ ತಿದ್ದುಪಡಿಗಳು

ಗುಲಾಮಗಿರಿ ಕೊನೆಗಾಣಿಸಿದ 13, ಸಮಾನ ರಕ್ಷಣೆ ಕೊಟ್ಟ 14, ಜನಾಂಗದ ಕಾರಣಕ್ಕೆ ಮತ ನಿರಾಕರಿಸಬಾರದೆಂದ 15, ಹೆಂಗಸರ ಮತದಾನದ 19 (1920), ಹದಿನೆಂಟಕ್ಕೆ ಮತ ಕೊಟ್ಟ 26 (1971) ನೆನಪಿಡಿ. ಇವುಗಳ ಜೊತೆಗೆ, ಪಟ್ಟಿಯಲ್ಲಿಲ್ಲದ ಒಂದು ಕಥೆಯನ್ನೂ ಓದಿಕೊಳ್ಳಿ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕನಾಗಿದ್ದ ಭಗತ್ ಸಿಂಗ್ ತಿಂದ್ ಬಿಳಿಯನಲ್ಲ, ಪೌರತ್ವಕ್ಕೆ ಅರ್ಹನಲ್ಲ ಎಂದು ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪಿತ್ತಿತು. ಭಾರತೀಯರಿಗೆ ಬಾಗಿಲು ತೆರೆದದ್ದು 1946ರ ಕಾಯ್ದೆ. ಹತ್ತು ವರ್ಷದ ನಂತರ ದಲೀಪ್ ಸಿಂಗ್ ಸೌಂದ್ ಪ್ರತಿನಿಧಿ ಸಭೆಗೆ ಗೆದ್ದರು. 2022ರಲ್ಲಿ ಮಿಶಿಗನ್ನಿಂದ ಗೆದ್ದ ಶ್ರೀ ಥಾಣೇದಾರ್ ಬೆಳಗಾವಿಯಲ್ಲಿ ಬೆಳೆದವರು.

ಹಂತ 6: ನಿಮ್ಮ ರಾಜ್ಯ

ಶಾಲೆ, ಡ್ರೈವಿಂಗ್ ಲೈಸೆನ್ಸ್ ರಾಜ್ಯದ ಕೈಯಲ್ಲಿವೆ. ಗವರ್ನರ್, ನಿಮ್ಮ ಸೆನೆಟರ್, ನಿಮ್ಮ ಪ್ರತಿನಿಧಿಯ ಹೆಸರನ್ನು ಸಂದರ್ಶನದ ಹಿಂದಿನ ವಾರ ಇನ್ನೊಮ್ಮೆ ನೋಡಿಕೊಳ್ಳಿ. ಚುನಾವಣೆಯಾದರೆ ಉತ್ತರವೂ ಬದಲು.

ಹಂತ 7: ಪ್ರಮಾಣವಚನದ ನಂತರ ಮತದಾರರ ಪಟ್ಟಿ

ಲೈಸೆನ್ಸ್ ಕಚೇರಿಯಲ್ಲಿ ಮತದಾರರ ನೋಂದಣಿ ಬೇಕೇ ಎಂದು ಕೇಳುವುದುಂಟು. ಗ್ರೀನ್ ಕಾರ್ಡ್‌ನಲ್ಲಿರುವಾಗ ಅದಕ್ಕೆ ಹೌದು ಎನ್ನಬೇಡಿ. ಪೌರತ್ವ ಕೈತಪ್ಪುವುದಷ್ಟೇ ಅಲ್ಲ, ಗಡೀಪಾರಿಗೂ ದಾರಿಯಾಗಬಹುದು. ಪ್ರಮಾಣವಚನ ಮುಗಿದ ಮೇಲೆ ನೋಂದಾಯಿಸಿ. ಕೊನೆಯ ದಿನಾಂಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾರ್ತ್ ಡಕೋಟದಲ್ಲಿ ಮಾತ್ರ ನೋಂದಣಿಯೇ ಇಲ್ಲ.